ಫೀಲ್ಡ್‌ಗೆ ಹೋದರೆ ಝೆರಾಕ್ಸ್ ಮಾಡಿಸ್ತಾರಂತೆ, ಹೋಗಲೇಬೇಕಾ?

ಓದುಗರ ಪ್ರಶ್ನೆ: ನಾನು ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ, ಎರಡನೇ ವರ್ಷ. ಡಾಕ್ಟರ್ ಅಲ್ಲ, ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದವಳು. ಮುಂದಿನ ಸೆಮಿಸ್ಟರ್‌ನಲ್ಲಿ ಹತ್ತು ವಾರ ಫೀಲ್ಡ್ ಪ್ಲೇಸ್‌ಮೆಂಟ್ ಇದೆ, ಅಂದರೆ ಯಾವುದಾದರೂ ಆರೋಗ್ಯ ಕಚೇರಿಯಲ್ಲೋ ಸಂಸ್ಥೆಯಲ್ಲೋ ಕೆಲಸ ಮಾಡುತ್ತಾ ಕಲಿಯೋದು. ನಮ್ಮ ಸೀನಿಯರ್ ಒಬ್ಬರು ಹೋಗಿ ಬಂದು, "ಝೆರಾಕ್ಸ್ ಮಾಡಿಸಿದರು, ಎಕ್ಸೆಲ್‌ಗೆ ಹೆಸರು ತುಂಬಿಸಿದರು, ಅಷ್ಟೇ" ಅಂದರು. ಇತ್ತ ನಮ್ಮ ಪ್ರೊಫೆಸರ್ ಒಬ್ಬರು ಲಸಿಕೆ ಸಮೀಕ್ಷೆಯ ಡೇಟಾ ಕೊಡ್ತೀನಿ, ವಿಶ್ಲೇಷಣೆ ಮಾಡು, ಪೇಪರ್ ಬರೆಯೋಣ ಅಂತಿದ್ದಾರೆ. ಫೀಲ್ಡ್ ಬದಲು ಅದನ್ನೇ ಮಾಡಲು ಅನುಮತಿ ಸಿಗಬಹುದು. ನನಗೆ ಅಪರಿಚಿತರ ಜೊತೆ ಮಾತಾಡಲು ಮುಜುಗರ ಬೇರೆ. ಫೀಲ್ಡ್‌ನಿಂದ ನನ್ನಂಥವರಿಗೆ ನಿಜವಾಗಿ ಏನಾದರೂ ಉಪಯೋಗ ಇದೆಯಾ, ಅಥವಾ ಕೋರ್ಸಿನಲ್ಲಿ ಇರಬೇಕು ಅಂತ ಇಟ್ಟಿದ್ದಾರಾ?

ಉತ್ತರ:

ಮೊದಲು ನಿಮ್ಮ ಸೀನಿಯರ್ ಮಾತಿಗೆ ಬರ್ತೀನಿ. ಅವರು ಹೇಳಿದ್ದು ಸುಳ್ಳಲ್ಲ. ಝೆರಾಕ್ಸ್ ಮಾಡಿಸ್ತಾರೆ, ಹೆಸರು ತುಂಬಿಸ್ತಾರೆ, ಕೆಲವು ಕಡೆ ಕುರ್ಚಿ ಕೂಡ ಕೊಡಲ್ಲ. ರೋಗಗಳು ಎಲ್ಲಿ ಹರಡ್ತಿವೆ ಅಂತ ನೋಡುವ ಕಣ್ಗಾವಲು ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಜಾಗದಲ್ಲೂ ಕೂತು ಇದನ್ನೆಲ್ಲ ನೋಡಿದ್ದೇನೆ. ಆದರೆ ಹಾಗೆ ಯಾಕಾಗುತ್ತೆ ಅನ್ನೋದು ತಿಳಿದುಕೊಳ್ಳಬೇಕು. ಸೋಮವಾರ ಬೆಳಿಗ್ಗೆ ಒಬ್ಬ ವಿದ್ಯಾರ್ಥಿ ಕಾಲೇಜಿನ ಪತ್ರ ಹಿಡಿದು ಬರ್ತಾನೆ. ಪತ್ರದಲ್ಲಿ "ಇವರಿಗೆ ಅಗತ್ಯ ತರಬೇತಿ ನೀಡಬೇಕಾಗಿ ವಿನಂತಿ" ಅಂತ ಒಂದೇ ಸಾಲು. ಅಧಿಕಾರಿ ಮೀಟಿಂಗ್‌ನಲ್ಲಿ. ಉಳಿದವರಿಗೆ ಇರೋ ಕೆಲಸವೇ ಮುಗಿಯುತ್ತಿಲ್ಲ. ಬಂದ ಹುಡುಗನಿಗೆ ಏನು ಬರುತ್ತೆ, ಏನು ಬೇಕು, ಯಾರಿಗೂ ಗೊತ್ತಿಲ್ಲ. ಕೈಗೆ ಸಿಕ್ಕ ಕೆಲಸ ಕೊಡ್ತಾರೆ. ಇದರಲ್ಲಿ ಕೆಟ್ಟ ಉದ್ದೇಶ ಇರೋದು ಅಪರೂಪ. ಕೆಲಸ ಮೊದಲೇ ಗೊತ್ತುಮಾಡಿಕೊಳ್ಳದೆ ಹೋದರೆ ಹತ್ತು ವಾರ ಹಾಗೇ ಕಳೆದುಹೋಗುತ್ತೆ. ಗೊತ್ತುಮಾಡಿಕೊಂಡು ಹೋದರೆ ಅದೇ ಕಚೇರಿಯಲ್ಲಿ ಬೇರೆಯದೇ ಅನುಭವ. ಹಾಗಾಗಿ ಉಪಯೋಗ ಇದೆಯಾ ಅನ್ನೋದಕ್ಕೆ ನನ್ನ ಉತ್ತರ ಇದೆ ಅಂತಲೇ, ಆದರೆ ತಾನಾಗೇ ಸಿಗಲ್ಲ.

ಈಗ ನಿಮ್ಮ ಪತ್ರದೊಳಗೆ ಸುಮ್ನೆ ಬಂದು ಕೂತಿರುವ ಕೆಲವು ನಂಬಿಕೆಗಳು.

ಫೀಲ್ಡ್ ಅಂದರೆ ಡಾಕ್ಟರುಗಳ ಜಾಗ, ನಾನು ಅಲ್ಲಿ ಏನು ಮಾಡಲಿ ಅನ್ನೋದು ಒಂದು. ರೋಗ ಹರಡಿದಾಗ ಹೋಗುವ ತಂಡದಲ್ಲಿ ಲ್ಯಾಬಿನವರು, ಕೀಟಶಾಸ್ತ್ರ ಗೊತ್ತಿರುವವರು, ನೀರು-ಚರಂಡಿ ಎಂಜಿನಿಯರ್, ಅಂಕಿಅಂಶ ನೋಡುವವರು, ಜನರ ಜೊತೆ ಮಾತಾಡುವವರು ಎಲ್ಲ ಬೇಕು. ಲಂಡನ್ನಿನ ಬ್ರಾಡ್ ಸ್ಟ್ರೀಟ್ ಕಾಲರಾ ಕಥೆ ನೀವು ಮೊದಲ ಸೆಮಿಸ್ಟರ್‌ನಲ್ಲೇ ಓದಿರ್ತೀರಿ. 1854ರಲ್ಲಿ ಜಾನ್ ಸ್ನೋ ಅನ್ನೋ ವೈದ್ಯ ಮನೆಮನೆ ವಿಚಾರಿಸಿ, ಸಾವುಗಳು ಒಂದು ಕುಡಿಯುವ ನೀರಿನ ಪಂಪಿನ ಸುತ್ತ ಸೇರಿವೆ ಅಂತ ತೋರಿಸಿದ, ಸೆಪ್ಟೆಂಬರ್ 8ರಂದು ಪಂಪಿನ ಹಿಡಿ ತೆಗೆಸಿದರು. ಪಾಠ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತೆ. ಹೆನ್ರಿ ವೈಟ್‌ಹೆಡ್ ಅನ್ನೋ ಪಾದ್ರಿಯ ಹೆಸರು ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ. ಆತ ಆ ಬೀದಿಗಳಲ್ಲೇ ಓಡಾಡಿಕೊಂಡಿದ್ದವನು, ಮನೆಗಳ ಪರಿಚಯ ಇದ್ದವನು. ಸ್ನೋ ಹೇಳಿದ್ದನ್ನು ಮೊದಲು ನಂಬಲಿಲ್ಲ, ತಪ್ಪು ಅಂತ ತೋರಿಸಬೇಕೆಂದೇ ಮತ್ತೆ ಮನೆಮನೆ ಕೇಳುತ್ತಾ ಹೋದ. ಕೊನೆಗೆ ಪಂಪಿನ ಪಕ್ಕದ 40ನೇ ನಂಬರಿನ ಮನೆಯಲ್ಲಿ ಭೇದಿಯಾಗಿ ತೀರಿಕೊಂಡ ಮಗುವಿನ ವಿಷಯ ಪತ್ತೆಮಾಡಿದವನು ಅವನೇ. ಮಗುವಿನ ಬಟ್ಟೆ ತೊಳೆದ ನೀರನ್ನು ಆ ತಾಯಿ ಪಂಪಿನ ಬಾವಿಗೆ ಅಂಟಿಕೊಂಡಂತಿದ್ದ ಕೊಳಚೆ ಗುಂಡಿಗೆ ಸುರಿದಿದ್ದಳು. ವೈದ್ಯ ಅಲ್ಲದ ಒಬ್ಬ ಮನುಷ್ಯ ಇಲ್ಲದಿದ್ದರೆ ಆ ಕಥೆಯ ಮುಖ್ಯ ಕೊಂಡಿಯೇ ಸಿಗುತ್ತಿರಲಿಲ್ಲ. ಇನ್ನೊಂದು ಮಾತು, ಹಿಡಿ ತೆಗೆಯೋ ಹೊತ್ತಿಗಾಗಲೇ ರೋಗ ಇಳಿಮುಖವಾಗಿತ್ತು ಅಂತ ಸ್ನೋ ತಾನೇ ಬರೆದಿದ್ದಾನೆ. ಕ್ಲಾಸಿನಲ್ಲಿ ಹೇಳುವಷ್ಟು ನೀಟಾಗಿ ಯಾವ ಫೀಲ್ಡ್ ಕೆಲಸವೂ ನಡೆಯಲ್ಲ.

ಫೀಲ್ಡ್ ಅಂದರೆ ಬ್ಯಾಗ್ ಹಾಕಿಕೊಂಡು ಹಳ್ಳಿ ಸುತ್ತೋದು ಅನ್ನೋದು ಇನ್ನೊಂದು. ಸುತ್ತಬೇಕಾಗಬಹುದು. ಆದರೆ ಆಸ್ಪತ್ರೆಯ ಸೋಂಕು ನಿಯಂತ್ರಣ ವಿಭಾಗವೂ ಫೀಲ್ಡೇ. ನಗರದ ನೀರಿನ ಗುಣಮಟ್ಟ ನೋಡುವ ಶಾಖೆ, ಶಾಲಾ ಆರೋಗ್ಯ ಕಾರ್ಯಕ್ರಮ, ಜಿಲ್ಲಾ ಮಟ್ಟದ ರೋಗ ಕಣ್ಗಾವಲು ಘಟಕ, ಒಂದು ಸ್ವಯಂಸೇವಾ ಸಂಸ್ಥೆ, ಎಲ್ಲವೂ ಲೆಕ್ಕಕ್ಕೆ ಬರುತ್ತೆ. ಸೇವೆ ಎಲ್ಲಿ ನಡೆಯುತ್ತೋ, ನಿರ್ಧಾರ ಎಲ್ಲಿ ಆಗುತ್ತೋ ಅದೇ ಫೀಲ್ಡ್.

ಇನ್ನು ಇದು ಸುಮ್ನೆ ಸೇರಿಸಿದ ವಿಷಯವಾ ಅನ್ನೋ ಅನುಮಾನ. ಇದರ ಹಿಂದೆ ದೊಡ್ಡ ಇತಿಹಾಸ ಇದೆ. 1951ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯಲ್ಲಿ ಅಲೆಕ್ಸಾಂಡರ್ ಲ್ಯಾಂಗ್‌ಮ್ಯೂರ್ ಅನ್ನೋರು ಎಪಿಡೆಮಿಕ್ ಇಂಟೆಲಿಜೆನ್ಸ್ ಸರ್ವಿಸ್, ಅಂದರೆ ರೋಗ ಹರಡಿದಾಗ ಜಾಡು ಹಿಡಿಯುವವರ ತರಬೇತಿ, ಶುರುಮಾಡಿದಾಗ ಅದರ ತಿರುಳೇ ಇದಾಗಿತ್ತು: ಕೆಲವೇ ವಾರ ಪಾಠ, ಉಳಿದ ಎರಡು ವರ್ಷ ಕೆಲಸ ಮಾಡುತ್ತಲೇ ಕಲಿಕೆ. ಅವರ ಲಾಂಛನದಲ್ಲಿ ತೂತುಬಿದ್ದ ಶೂ ಅಟ್ಟೆ ಇದೆ, ನಡೆದು ನಡೆದು ಸವೆದದ್ದು. ಇದೇ ಮಾದರಿಯಲ್ಲಿ 1980ರಲ್ಲಿ ಥಾಯ್ಲೆಂಡ್‌ನಲ್ಲಿ ಕಾರ್ಯಕ್ರಮ ಶುರುವಾಯಿತು, ಆಮೇಲೆ ಎಷ್ಟೋ ದೇಶಗಳಲ್ಲಿ. ನಿಮ್ಮಂಥ ಪದವಿ ಕೋರ್ಸುಗಳಿಗೂ ಇದು ಬಂದಿದೆ. ಅಮೆರಿಕದಲ್ಲಿ ಇಂಥ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಿಇಪಿಎಚ್ ಅನ್ನೋ ಮಂಡಳಿ 2016ರ ನಿಯಮಗಳಲ್ಲಿ ಒಂದು ಒಳ್ಳೆ ಕೆಲಸ ಮಾಡಿತು. ಎಷ್ಟು ಗಂಟೆ ಕೂತಿರಿ ಅಂತ ಕೇಳೋದಿಲ್ಲ. ಕನಿಷ್ಠ ಎರಡು ಕೆಲಸದ ಫಲ ತೋರಿಸಿ, ಅದರಿಂದ ಕನಿಷ್ಠ ಐದು ಸಾಮರ್ಥ್ಯ ಬಂದಿದೆ ಅಂತ ಕಾಣಬೇಕು ಅನ್ನುತ್ತೆ. ನಿಮ್ಮ ಕಾಲೇಜಿನ ನಿಯಮ ಏನೇ ಇರಲಿ, ನೀವು ಈ ಅಳತೆಗೋಲು ಇಟ್ಟುಕೊಳ್ಳಿ. ಹಾಜರಾತಿಗಿಂತ, ಕೊನೆಗೆ ಆ ಕಚೇರಿಯವರು ಬಳಸುವಂಥದ್ದು ಏನು ಮಾಡಿಕೊಟ್ಟಿರಿ ಅನ್ನೋದು ಮುಖ್ಯ.

ಈಗ ನಿಮಗೇ ಸಂಬಂಧಪಟ್ಟ ಮಾತು. ಸಂಖ್ಯಾಶಾಸ್ತ್ರ ಓದಿದವರಿಗೆ ಫೀಲ್ಡ್ ಬೇಕಾಗಿಲ್ಲ ಅಂತ ನೀವು ಅಂದುಕೊಂಡಿದ್ದೀರಿ. ನನ್ನ ಪ್ರಕಾರ ಎಲ್ಲರಿಗಿಂತ ಜಾಸ್ತಿ ಬೇಕಾಗಿರೋದು ನಿಮಗೇ. ನಿಮ್ಮ ಕೈಗೆ ಬರೋ ಡೇಟಾ ಹುಟ್ಟೋದು ಅಲ್ಲಿ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಲಸಿಕೆ ಇಡುವ ಫ್ರಿಜ್ಜಿನ ಬಾಗಿಲಿಗೆ ಒಂದು ತಾಪಮಾನದ ಪಟ್ಟಿ ಅಂಟಿಸಿರ್ತಾರೆ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಸಂಜೆ, ಓದಿ ಬರೀಬೇಕು. 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ನೀವು ಆ ಪಟ್ಟಿ ನೋಡ್ತೀರಿ: 4, 4, 4, 5, 4, 4. ತಿಂಗಳಿಡೀ ಒಂದೇ ಪೆನ್ನು, ಒಂದೇ ಕೈಬರಹ, ರಜೆ ದಿನವೂ ತುಂಬಿದೆ. ಕೆಲವು ಸಲ ನಾಳೆಯ ಸಂಜೆಯದ್ದೂ ತುಂಬಿರುತ್ತೆ! ಕಂಪ್ಯೂಟರಿಗೆ ಹೋದ ಮೇಲೆ ಇದು ಚೊಕ್ಕ ಡೇಟಾ. ಒಂದೂ ಖಾಲಿ ಜಾಗ ಇಲ್ಲ, ಒಂದೂ ಅಸಹಜ ಸಂಖ್ಯೆ ಇಲ್ಲ. ನೀವು ವಿಶ್ಲೇಷಣೆ ಮಾಡಿ "ಶೀತಲ ಸರಪಳಿ ಉತ್ತಮವಾಗಿದೆ", ಅಂದರೆ ಲಸಿಕೆ ತಣ್ಣಗಿಡುವ ವ್ಯವಸ್ಥೆ ಚೆನ್ನಾಗಿದೆ ಅಂತ ಬರೀತೀರಿ. ಆದರೆ ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆಯಂಥವು ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರವು. ಅವು ಫ್ರೀಜರ್ ಗೋಡೆಗೆ ಒತ್ತಿಕೊಂಡು ಕೂತಿದ್ದು ಯಾವ ಕಾಲಮ್ಮಿನಲ್ಲೂ ಕಾಣಲ್ಲ. ಬಾಗಿಲು ತೆಗೆದು ನೋಡಿದವರಿಗೆ ಕಾಣುತ್ತೆ. ಆಮೇಲೆ ಅಲ್ಲಿನ ಸಿಬ್ಬಂದಿ ಜೊತೆ ಕೂತು ಮಾತಾಡಿದರೆ ಇನ್ನೊಂದು ವಿಷಯ ತಿಳಿಯುತ್ತೆ. ಖಾಲಿ ಬಿಟ್ಟರೆ ಮೇಲಿನವರು ಬೈತಾರೆ, ತಪ್ಪು ತಾಪಮಾನ ಬರೆದರೆ ಇನ್ನೂ ಜಾಸ್ತಿ ಬೈತಾರೆ, 4 ಅಂತ ಬರೆದರೆ ಯಾರೂ ಏನೂ ಅನ್ನಲ್ಲ. ಅಲ್ಲಿಗೆ ಆ ಪಟ್ಟಿಯ ಕಥೆ ಅರ್ಥವಾಯಿತು ಅಲ್ವಾ?

ಇಂಥವು ಎಲ್ಲ ಕಡೆ ಇವೆ. ಹುಟ್ಟಿದ ಮಕ್ಕಳ ತೂಕ ಬರೆದ ರಿಜಿಸ್ಟರ್ ತೆಗೆದರೆ 2500 ಗ್ರಾಮಿನ ಹತ್ತಿರ ಸಂಖ್ಯೆಗಳ ಗುಂಪು ಕಾಣುತ್ತೆ, ಅದಕ್ಕಿಂತ ಕಮ್ಮಿ ಬರೆದರೆ ಕಡಿಮೆ ತೂಕದ ಮಗು ಅಂತ ಲೆಕ್ಕ. ಬಿಪಿ ಪುಸ್ತಕದಲ್ಲಿ ಸಂಖ್ಯೆಗಳೆಲ್ಲ ಸೊನ್ನೆಯಲ್ಲಿ ಮುಗಿಯುತ್ತವೆ, ಅಂದಾಜಿಗೆ ಬರೆದದ್ದು. ಯಾವುದೋ ಒಂದು ಪ್ರದೇಶದಲ್ಲಿ ಲಸಿಕೆ ಪಡೆದವರು ನೂರಕ್ಕೆ ನೂರಕ್ಕಿಂತ ಜಾಸ್ತಿ! ಕ್ಲಾಸಿನಲ್ಲಿ ಕೂತರೆ ಇದು ನಗೆಪಾಟಲು. ಅಲ್ಲಿ ಹೋದರೆ ಛೇದ, ಅಂದರೆ ಲಸಿಕೆ ಹಾಕಬೇಕಾದ ಒಟ್ಟು ಮಕ್ಕಳ ಸಂಖ್ಯೆ, ಎಷ್ಟು ಹಳೇ ಜನಗಣತಿಯದ್ದು, ಪಕ್ಕದ ಪ್ರದೇಶದ ಎಷ್ಟು ತಾಯಂದಿರು ಮಕ್ಕಳನ್ನು ಇಲ್ಲಿಗೇ ಕರೆತರ್ತಾರೆ ಅನ್ನೋದು ಅರ್ಧ ದಿನದಲ್ಲಿ ಗೊತ್ತಾಗುತ್ತೆ. ಬೆಳಿಗ್ಗೆ ಹನ್ನೊಂದಕ್ಕೆ ಸಮೀಕ್ಷೆಗೆ ಹೋದರೆ ಕೆಲಸಕ್ಕೆ ಹೋಗುವವರ ಮನೆಗೆಲ್ಲ ಬೀಗ. ಮನೆಯಲ್ಲಿ ಸಿಕ್ಕವರು ಯಾರು, ಸಿಗದವರು ಯಾರು? ಆಯ್ಕೆಯ ಪಕ್ಷಪಾತ ಅಂತ ಪುಸ್ತಕದಲ್ಲಿ ಓದಿದ್ದು ಆ ಬೀಗಗಳ ಮುಂದೆ ನಿಂತಾಗ ಬೇರೆ ಥರ ಅರ್ಥವಾಗುತ್ತೆ. "ಮನೆಯಲ್ಲಿ ಶೌಚಾಲಯ ಇದೆಯಾ" ಅಂದರೆ ಇದೆ ಅಂತಾರೆ. ಬಾಗಿಲು ತೆಗೆದರೆ ಒಳಗೆ ಹಳೇ ಸಾಮಾನು ಪೇರಿಸಿಟ್ಟಿರ್ತಾರೆ. ಉತ್ತರ ಸುಳ್ಳಲ್ಲ, ಪ್ರಶ್ನೆ ಸರಿ ಇಲ್ಲ.

ಎರಡನೇ ಲಾಭ, ನಿರ್ಧಾರ ಹೇಗೆ ಆಗುತ್ತೆ ಅಂತ ಕಣ್ಣಾರೆ ನೋಡೋದು. ಓದಿನಲ್ಲಿ ಚೆನ್ನಾಗಿರುವ ವಿದ್ಯಾರ್ಥಿಗಳು ಇಲ್ಲಿ ಮೊದಲು ತಡವರಿಸ್ತಾರೆ. ಲಾಜಿಸ್ಟಿಕ್ ರಿಗ್ರೆಶನ್ ಅನ್ನೋ ಅಂಕಿಅಂಶದ ವಿಶ್ಲೇಷಣೆ ಮಾಡಿ, ಮೂವತ್ತು ಸ್ಲೈಡು ಮಾಡಿ, ಅದರಿಂದ ಬಂದ ಆಡ್ಸ್ ರೇಷಿಯೊಗಳನ್ನು ಓದಿ ಹೇಳ್ತಾರೆ. ಅಧಿಕಾರಿ ಎಲ್ಲ ಕೇಳಿ, "ಸರಿಯಮ್ಮ, ನಾಳೆ ನನ್ನ ಹತ್ತಿರ ಎರಡೇ ತಂಡ ಇದೆ, ಯಾವ ವಾರ್ಡಿಗೆ ಕಳಿಸಲಿ?" ಅಂತಾರೆ. ಸ್ಲೈಡಿನಲ್ಲಿ ಉತ್ತರ ಇಲ್ಲ. ಇದು ವಿದ್ಯಾರ್ಥಿಗೆ ಆಗುವ ಅವಮಾನ ಅಲ್ಲ, ಆ ಕೆಲಸದ ಸ್ವರೂಪವೇ ಅದು. ಅರ್ಧಂಬರ್ಧ ಮಾಹಿತಿ, ಕಮ್ಮಿ ಜನ, ಸಂಜೆಯೊಳಗೆ ನಿರ್ಧಾರ. ಒಂದು ಪುಟದಲ್ಲಿ, ಮೊದಲ ಸಾಲಿನಲ್ಲೇ ಏನು ಮಾಡಬೇಕು ಅಂತ ಬರೆಯೋ ಅಭ್ಯಾಸ ಅಲ್ಲಿ ಮಾತ್ರ ಬರುತ್ತೆ. ಪೇಪರ್ ಬರೆಯುವುದರಿಂದ ಬರಲ್ಲ, ಅದರ ಉದ್ದೇಶವೇ ಬೇರೆ.

ಇನ್ನೊಂದು ಸಣ್ಣ ಲಾಭ, ಯಾರೂ ಬ್ರೋಷರಿನಲ್ಲಿ ಹಾಕಲ್ಲ. ನಿಮಗೆ ಯಾವ ಕೆಲಸ ಆಗಲ್ಲ ಅಂತ ಗೊತ್ತಾಗುತ್ತೆ. ಕೆಲವರು ಹೋಗಿ ಬಂದು, ನನಗೆ ಇದು ಬೇಡ, ನಾನು ಸಂಶೋಧನೆಗೇ ಹೋಗ್ತೀನಿ ಅಂತಾರೆ. ಓದುವಾಗಲೇ ತಿಳಿದರೆ ಒಳ್ಳೆಯದಲ್ವಾ, ಕೆಲಸಕ್ಕೆ ಸೇರಿ ಎರಡು ವರ್ಷದ ಮೇಲೆ ತಿಳಿಯೋದಕ್ಕಿಂತ.

ಆದರೆ ಏನೇನು ಆಗಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಪ್ಲೇಸ್‌ಮೆಂಟ್ ಮಾಡಿದ ಜಾಗದಲ್ಲೇ ಕೆಲಸ ಸಿಗುತ್ತೆ ಅಂತ ನಂಬಿ ಹೋಗಬೇಡಿ. ನಿಮ್ಮ ಕೆಲಸ ನೋಡಿದ ಒಬ್ಬರು ಶಿಫಾರಸು ಪತ್ರ ಕೊಡಬಹುದು, ಖಾಲಿ ಹುದ್ದೆ ಬಂದಾಗ ಹೇಳಬಹುದು. ಅದಕ್ಕಿಂತ ಹೆಚ್ಚಿನದಕ್ಕೆ ಯಾರೂ ಗ್ಯಾರಂಟಿ ಕೊಡಲ್ಲ. ಹತ್ತು ವಾರದಲ್ಲಿ ಒಂದು ಸಮುದಾಯದ ಅಭ್ಯಾಸ ಬದಲಾಯಿಸ್ತೀನಿ ಅನ್ನೋ ಪ್ರಾಜೆಕ್ಟ್ ಹಾಕಿಕೊಳ್ಳಬೇಡಿ, ಅದು ಆಗಲ್ಲ.

ಹಾಗಾದರೆ ನಿಮ್ಮ ಮುಂದೆ ಏನೇನಿದೆ?

ಪ್ರೊಫೆಸರ್ ಜೊತೆ ಪೇಪರ್ ಮಾತ್ರ ಮಾಡೋದು ಒಂದು. ಪಿಎಚ್‌ಡಿ ಮಾಡೋದು ಖಚಿತ ಅಂತಿದ್ದರೆ ಇದು ತಪ್ಪು ಆಯ್ಕೆ ಅಲ್ಲ. ಆದರೆ ಪೇಪರ್ ಹತ್ತು ವಾರದಲ್ಲಿ ಪ್ರಕಟವಾಗಲ್ಲ, ಪರಿಶೀಲನೆ, ತಿದ್ದುಪಡಿ ಅಂತ ಎಳೆಯುತ್ತೆ. ಲೇಖಕರ ಪಟ್ಟಿಯಲ್ಲಿ ನಿಮ್ಮ ಹೆಸರು ಎಲ್ಲಿ ಬರುತ್ತೆ ಅಂತ ಈಗಲೇ ಕೇಳಿ, ಮುಜುಗರ ಬೇಡ. ನಿಮಗೆ ಈಗಾಗಲೇ ಬರುವ ಕೆಲಸವನ್ನೇ ಇನ್ನೊಮ್ಮೆ ಮಾಡಿದಂತಾಗುತ್ತೆ ಅನ್ನೋದೂ ಗಮನದಲ್ಲಿರಲಿ.

ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಪ್ಲೇಸ್‌ಮೆಂಟ್ ಅಂದರೆ ಇಡೀ ಯಂತ್ರ ಒಳಗಿನಿಂದ ಕಾಣುತ್ತೆ. ಆದರೆ ಅನುಮತಿ ನಿಧಾನ, ಮೇಲ್ವಿಚಾರಕರು ಮಧ್ಯದಲ್ಲೇ ವರ್ಗ ಆಗಿ ಹೋಗಬಹುದು, ಝೆರಾಕ್ಸ್ ಅಪಾಯವೂ ಇಲ್ಲೇ ಜಾಸ್ತಿ. ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸ ಬೇಗ ಕೈಗೆ ಬರುತ್ತೆ, ಜನ ಹತ್ತಿರ. ಆದರೆ ಹಣ ಕೊಟ್ಟವರಿಗೆ ತೋರಿಸೋ ವರದಿಗೆ ನಿಮ್ಮನ್ನು ಬಳಸಿಕೊಳ್ಳಬಹುದು, ಒಳ್ಳೆಯದನ್ನು ಮಾತ್ರ ಬರೆಯೋ ಒತ್ತಡ ಇರುತ್ತೆ. ಆಸ್ಪತ್ರೆಯಾದರೆ ಕೆಲಸಕ್ಕೆ ಗಡಿ ಸ್ಪಷ್ಟ, ಕಲಿಕೆ ಗಟ್ಟಿ, ಸಮುದಾಯ ಮಾತ್ರ ಕಾಣಲ್ಲ. ಮನೆಯಲ್ಲೇ ಕೂತು ಮಾಡುವ ಆನ್‌ಲೈನ್ ಪ್ಲೇಸ್‌ಮೆಂಟ್ 2020ರ ಕೋವಿಡ್ ಸಮಯದಲ್ಲಿ ಹೆಚ್ಚಾಗಿ ಕೆಲವು ಕಡೆ ಉಳಿದಿದೆ. ಪ್ರಯಾಣ ಆಗದವರಿಗೆ ಅನುಕೂಲ. ನಿಮಗೆ ನಾನು ಅದನ್ನು ಹೇಳಲ್ಲ, ನಿಮಗೆ ಬೇಕಾಗಿರೋದೇ ಕಂಪ್ಯೂಟರಿನಿಂದ ಆಚೆ ಬರೋದು.

ನಾನು ನಿಮ್ಮ ಜಾಗದಲ್ಲಿದ್ದರೆ ಎರಡನ್ನೂ ಜೋಡಿಸುತ್ತಿದ್ದೆ. ಪ್ರೊಫೆಸರ್ ಹತ್ತಿರ ಇರೋದು ಲಸಿಕೆ ಸಮೀಕ್ಷೆಯ ಡೇಟಾ ತಾನೇ? ಆ ಲಸಿಕೆ ಕಾರ್ಯಕ್ರಮ ನಡೆಸುವ ಘಟಕದಲ್ಲೇ ಪ್ಲೇಸ್‌ಮೆಂಟ್ ಕೇಳಿ. ಮೊದಲ ವಾರ ಒಂದೇ ಒಂದು ಫಾರಂ ಹಿಡಿದು ಹಿಂಬಾಲಿಸಿ. ಲಸಿಕೆ ಹಾಕುವ ಜಾಗದಲ್ಲಿ ಅದನ್ನು ಯಾರು ತುಂಬ್ತಾರೆ, ಆಗಲೇ ತುಂಬ್ತಾರಾ ಸಂಜೆ ನೆನಪಿನಿಂದಲಾ, ಯಾರು ಒಟ್ಟು ಹಾಕ್ತಾರೆ, ಕಂಪ್ಯೂಟರಿಗೆ ಹಾಕುವವರು ಓದಲಾಗದ ಅಂಕಿ ಬಂದರೆ ಏನು ಮಾಡ್ತಾರೆ, ಮೇಲಿನ ಕಚೇರಿ ಯಾವ ಅಂಕಿಗೆ ಫೋನ್ ಮಾಡಿ ಕೇಳುತ್ತೆ, ಯಾವುದನ್ನು ಯಾರೂ ನೋಡುವುದೇ ಇಲ್ಲ. ಇಷ್ಟು ಬರೆದುಕೊಂಡರೆ ಅದೇ ಆ ಕಚೇರಿಗೆ ಒಂದು ಉಪಯುಕ್ತ ವರದಿ, ನಿಮ್ಮ ಪೇಪರಿನ ಮಿತಿಗಳ ಭಾಗವೂ ಅರ್ಧ ಬರೆದಂತೆ. ಎರಡನೇ ಕೆಲಸವಾಗಿ ಆ ಘಟಕಕ್ಕೆ ಪ್ರತಿ ತಿಂಗಳು ತಾವೇ ಬಳಸಿಕೊಳ್ಳುವಂಥ ಒಂದು ಸರಳ ಹಾಳೆ ಮಾಡಿಕೊಡಿ. ಡ್ಯಾಶ್‌ಬೋರ್ಡ್ ಬೇಡ. ನೀವು ಹೋದ ಮರುದಿನ ಅದರ ಪಾಸ್‌ವರ್ಡ್ ಯಾರಿಗೂ ನೆನಪಿರಲ್ಲ.

ಒಂದು ಎಚ್ಚರಿಕೆ. ಪೇಪರಿಗಾಗಿ ಅಲ್ಲಿ ಹೊಸ ಮಾಹಿತಿ ಸಂಗ್ರಹಿಸಬೇಕು ಅಂತಿದ್ದರೆ ಸಂಶೋಧನೆಯಿಂದ ಜನಕ್ಕೆ ತೊಂದರೆ ಆಗದಂತೆ ನೋಡುವ ನೈತಿಕ ಸಮಿತಿಯ ಅನುಮತಿ ಬೇಕು. ಅದಕ್ಕೆ ವಾರಗಳು, ತಿಂಗಳುಗಳು ಹಿಡಿಯುತ್ತೆ. ಹೋದ ಮೇಲೆ ಅರ್ಜಿ ಹಾಕೋಣ ಅಂದರೆ ಅನುಮತಿ ಬರುವಷ್ಟರಲ್ಲಿ ನೀವು ವಾಪಸ್ ಬಂದಿರ್ತೀರಿ.

ಒಪ್ಪಿಕೊಳ್ಳೋ ಮೊದಲು ಆ ಕಚೇರಿಗೆ ಒಂದು ಪುಟ ಬರೆದು ಕಳಿಸಿ. ನನಗೆ ಇದು ಇದು ಬರುತ್ತೆ, ಇದು ಕಲಿಯಬೇಕು, ಕೊನೆಗೆ ಈ ಎರಡು ಮಾಡಿಕೊಡ್ತೀನಿ, ಸರಿನಾ ಅಂತ. ನನ್ನ ಮೇಲ್ವಿಚಾರಕರು ಯಾರು, ವಾರಕ್ಕೆ ಒಂದು ಗಂಟೆ ಕೂತು ಮಾತಾಡಲು ಆಗುತ್ತಾ, ಯಾವ ಡೇಟಾ ನೋಡಲು ಅನುಮತಿ ಸಿಗುತ್ತೆ, ಓಡಾಟದ ಖರ್ಚು ಯಾರದ್ದು ಅಂತ ಕೇಳಿ. ಉತ್ತರವೇ ಬರದಿದ್ದರೆ ಅದೂ ಒಂದು ಉತ್ತರ, ಬೇರೆ ಜಾಗ ಹುಡುಕಿ. ಖರ್ಚಿನ ಮಾತು ಸಣ್ಣದಲ್ಲ. ಸಂಬಳ ಇಲ್ಲದ ಹತ್ತು ವಾರ ಎಲ್ಲರ ಕೈಲೂ ಆಗಲ್ಲ, ಅದನ್ನು ಕಾಲೇಜಿಗೆ ಹೇಳಿಕೊಳ್ಳೋದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಇಷ್ಟೆಲ್ಲ ಮಾಡಿಯೂ ಝೆರಾಕ್ಸ್ ಬಂತು ಅನ್ನಿ. ಸ್ವಲ್ಪ ಮಾಡಿಕೊಡಿ, ಅಲ್ಲಿ ಎಲ್ಲರೂ ಮಾಡ್ತಾರೆ, ಮಾಡದೆ ಕೂತವರಿಗೆ ಯಾರೂ ಏನೂ ಹೇಳಿಕೊಡಲ್ಲ. ಹೆಸರು ತುಂಬೋ ಕೆಲಸ ಕೊಟ್ಟರೆ ಕಣ್ಣು ತೆರೆದು ತುಂಬಿ, ನಾನು ಮೇಲೆ ಹೇಳಿದ ಸೊನ್ನೆಗಳು ಸಿಗೋದು ಅಲ್ಲೇ. ಆದರೆ ಎರಡನೇ ವಾರವೂ ಅದೇ ಆದರೆ ಸುಮ್ಮನಿರಬೇಡಿ. ಆ ಒಂದು ಪುಟ ತೆಗೆದುಕೊಂಡು ಮೇಲ್ವಿಚಾರಕರ ಹತ್ತಿರ ಹೋಗಿ, "ಸರ್, ಇದನ್ನ ಈ ವಾರ ಶುರುಮಾಡಲಾ?" ಅಂತ ಕೇಳಿ. ದೂರು ಕೊಟ್ಟಂತೆ ಆಗಲ್ಲ, ನೆನಪಿಸಿದಂತೆ ಆಗುತ್ತೆ. ಅದಕ್ಕೂ ಬಗ್ಗದಿದ್ದರೆ ಕಾಲೇಜಿನ ಸಂಯೋಜಕರಿಗೆ ಮೂರನೇ ವಾರದಲ್ಲೇ ಬರೆಯಿರಿ. ಒಂಬತ್ತನೇ ವಾರದಲ್ಲಿ ಬರೆದರೆ ಅವರ ಕೈಲೂ ಏನೂ ಆಗಲ್ಲ.

ಅಪಾಯಗಳ ಬಗ್ಗೆ ನೇರವಾಗಿ ಹೇಳ್ತೀನಿ. ನಿಮಗೆ ತರಬೇತಿ ಇಲ್ಲದ ಕೆಲಸ, ಸೂಜಿ ಚುಚ್ಚೋದು, ಔಷಧಿ ಕೊಡೋದು, ಯಾರು ಎಷ್ಟೇ ಪ್ರೀತಿಯಿಂದ ಹೇಳಿದರೂ ಮಾಡಬೇಡಿ. ರೋಗಿಗಳ ಹೆಸರಿರುವ ಪಟ್ಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸೋದು ಎಲ್ಲ ಕಡೆ ಅಭ್ಯಾಸ ಆಗಿಬಿಟ್ಟಿದೆ. ನೀವು ಮಾಡಬೇಡಿ. ಕ್ಷಯ, ಎಚ್‌ಐವಿ ಪಟ್ಟಿಯಾದರೆ ಒಂದು ಫೋಟೊ ಒಬ್ಬರ ಬದುಕನ್ನೇ ಹಾಳುಮಾಡಬಹುದು. ಹೋಗುವ ಮುನ್ನ ನಿಮ್ಮ ಲಸಿಕೆಗಳು ಪೂರ್ತಿ ಆಗಿವೆಯಾ ನೋಡಿಕೊಳ್ಳಿ. ಮನೆ ಭೇಟಿಗೆ ಒಬ್ಬರೇ ಹೋಗಬೇಡಿ, ಎಲ್ಲಿಗೆ ಹೋಗಿದ್ದೀರಿ ಅಂತ ಒಬ್ಬರಿಗಾದರೂ ಗೊತ್ತಿರಲಿ. ಯಾರಾದರೂ ಅಸಭ್ಯವಾಗಿ ನಡೆದುಕೊಂಡರೆ ಅಂಕ ಹೋಗುತ್ತೆ ಅಂತ ನುಂಗಿಕೊಳ್ಳಬೇಡಿ, ಅದೇ ದಿನ ಕಾಲೇಜಿಗೆ ಹೇಳಿ. ಜನಕ್ಕೆ ನಿಮ್ಮ ಕೈಲಾಗದ ಮಾತು ಕೊಡಬೇಡಿ. ನೀವು ಪುಸ್ತಕ ಪೆನ್ನು ಹಿಡಿದು ಹೋದರೆ ಏನೋ ಸೌಲಭ್ಯ ಬರುತ್ತೆ ಅಂದುಕೊಳ್ತಾರೆ. ನಾನು ವಿದ್ಯಾರ್ಥಿ, ಕಲಿಯಲು ಬಂದಿದ್ದೇನೆ ಅಂತ ಮೊದಲ ಮಾತಿನಲ್ಲೇ ಹೇಳಿಬಿಡಿ.

ಕೊನೆಗೆ ನಿಮ್ಮ ಮುಜುಗರ. ಇದಕ್ಕೆ ನೀವು ಅಂದುಕೊಂಡಷ್ಟು ತೂಕ ಇಲ್ಲ. ನೀವು ಒಬ್ಬರೇ ಬಾಗಿಲು ತಟ್ಟೋದಿಲ್ಲ, ಅಲ್ಲಿನ ಆರೋಗ್ಯ ಕಾರ್ಯಕರ್ತೆಯ ಜೊತೆ ಹೋಗ್ತೀರಿ, ಆ ಮನೆಯವರಿಗೆ ಅವರ ಪರಿಚಯ ಇರುತ್ತೆ. ಮೊದಲ ಕೆಲವು ದಿನ ಕೇಳಿಸಿಕೊಳ್ಳೋದೇ ನಿಮ್ಮ ಕೆಲಸ. ಜಾಸ್ತಿ ಮಾತಾಡೋ ವಿದ್ಯಾರ್ಥಿಗಳು ಪ್ರಶ್ನೆಯಲ್ಲೇ ಉತ್ತರ ತುರುಕಿಬಿಡ್ತಾರೆ, "ಕೈ ತೊಳ್ಕೊಂಡೇ ಊಟ ಮಾಡ್ತೀರಲ್ವಾ?" ಅಂತ. ನಿಮ್ಮಂಥವರು ಅದನ್ನು ಮಾಡಲ್ಲ. ಪ್ರಶ್ನಾವಳಿಯನ್ನು ಗಟ್ಟಿಯಾಗಿ ಓದಿ, ಕೇಳಿದವರಿಗೆ ಏನು ಅರ್ಥವಾಯಿತು ಅಂತ ವಿಚಾರಿಸಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಸಂಜೆ ಆ ಕಾರ್ಯಕರ್ತೆಯ ಹತ್ತಿರ ಕೂತು, ಇವತ್ತು ಯಾವ ಉತ್ತರ ನಿಮಗೆ ಸರಿ ಅನ್ನಿಸಲಿಲ್ಲ ಅಂತ ಕೇಳಿ ನೋಡಿ, ಅವರಿಗೆ ಚೆನ್ನಾಗಿ ಗೊತ್ತಿರುತ್ತೆ, ಆದರೆ ಯಾರೂ ಕೇಳಿರಲ್ಲ.

ಪ್ರೊಫೆಸರ್ ಹತ್ತಿರ ಈ ವಾರವೇ ಮಾತಾಡಿ. ಜೋಡಿಸುವ ಯೋಜನೆಗೆ ಅವರು ಬೇಡ ಅನ್ನೋ ಸಾಧ್ಯತೆ ಕಡಿಮೆ. ತಮ್ಮ ಡೇಟಾ ಎಲ್ಲಿಂದ ಬಂತು ಅಂತ ನೋಡಿ ಬರೋ ವಿದ್ಯಾರ್ಥಿ ಅವರಿಗೂ ಬೇಕು. ಬೇಡ ಅಂದರೆ ಪೇಪರನ್ನು ಪ್ಲೇಸ್‌ಮೆಂಟ್ ಮುಗಿದ ಮೇಲೆ ಮಾಡ್ತೀನಿ ಅನ್ನಿ, ಡೇಟಾ ಎಲ್ಲೂ ಓಡಿಹೋಗಲ್ಲ.